ಅಪ್ಪನ ಕೈಯ ಬಿಳಿ ಮಣ್ಣು

ಖೇಲೆ,
ಸೋಮವಾರ, 12 ಜೂನ್ 1989

ಲೇಲೊಳ ಅಪ್ಪನವರಿಗೆ,

ಖೊಂಡೆಯ ನಮಸ್ಕಾರ. ನನ್ನ ಅಕ್ಷರ ನಿಮಗೆ ಇನ್ನೂ ಗುರುತು ಸಿಗುತ್ತದೋ ಇಲ್ಲವೋ ಎಂದು ಹೆಸರನ್ನು ಮೊದಲೇ ಬರೆದುಬಿಟ್ಟೆ. ಒಂಬತ್ತು ವರ್ಷದಲ್ಲಿ ಕೈ ಒರಟಾಗಿದೆ, ಅಕ್ಷರವೂ ಒರಟಾಗಿದೆ. ಒಲೆಯ ಮುಂದೆ ಕೂತು, ಮರಗೆಣಸು ನಾದುವ ಹಲಗೆಯನ್ನು ತೊಡೆಯ ಮೇಲಿಟ್ಟುಕೊಂಡು ಬರೆಯುತ್ತಿದ್ದೇನೆ. ನಾದಿದ ಗೆಣಸಿನ ನಲವತ್ತು ಕ್ವಾಂಗಾ ಕಟ್ಟುಗಳು ಡ್ರಮ್ಮಿನಲ್ಲಿ ಬೇಯುತ್ತಿವೆ. ಎಲೆ ಸುತ್ತಿ, ನಾರು ಬಿಗಿದು, ಒಳಗೆ ಜೋಡಿಸಿದ ಮೇಲೆ ನೀರು ಆರದಂತೆ ನೋಡಿಕೊಳ್ಳುವುದಷ್ಟೇ ಕೆಲಸ. ಕಾಗದಕ್ಕೆ ಹೊಗೆಯ ವಾಸನೆ ಹತ್ತಿದ್ದರೆ ಮೂಗು ಮುರಿಯಬೇಡಿ. ಹಿಂದೆ ನನ್ನ ಬಟ್ಟೆಗೂ ಇದೇ ವಾಸನೆ ಇರುತ್ತಿತ್ತು, ಆಗ ನೀವು ಏನೂ ಅನ್ನುತ್ತಿರಲಿಲ್ಲ.

ನಿಮ್ಮ ಮೊಣಕಾಲು ಹೇಗಿದೆ? ಬಾಳೆಗೊನೆಯ ಲಾರಿಯ ತ್ಸುಂಬು ಹೇಳಿದ, ಊರಿನ ಯಜಮಾನಿಕೆ ಬಂದ ಮೇಲೂ ಹೆಂಡ ಇಳಿಸಲು ನೀವೇ ಮರ ಹತ್ತುತ್ತೀರಂತೆ. "ಸಂಗಾದ ಯಜಮಾನ್ರನ್ನ ನೋಡ್ಬೇಕು ಅಂದ್ರೆ ಕತ್ತು ಮೇಲೆತ್ಬೇಕು ಕಣಕ್ಕ, ಯಾವಾಗ್ಲೂ ತಾಳೆ ಮರದ ತುದೀಲೇ ಇರ್ತಾರೆ" ಎಂದು ನಗುತ್ತಿದ್ದ. ನಾನೂ ನಕ್ಕೆ. ಆಮೇಲೆ, ನೀವು ಮರಕ್ಕೂ ಸೊಂಟಕ್ಕೂ ಸುತ್ತಿಕೊಳ್ಳುವ ಬಳ್ಳಿ ಎಷ್ಟು ಹಳೆಯದಾಗಿರಬಹುದು ಎಂಬ ಯೋಚನೆ ಬಂತು. ಹೊಸದು ಹೆಣೆದುಕೊಳ್ಳಿ. ನಿಮಗೂ ಅರವತ್ತು ಹತ್ತಿರವಾಯಿತು.

ಇನ್ನು ವಿಷಯಕ್ಕೆ ಬರುತ್ತೇನೆ. ಲೇಲೊ ಬಂದಿದ್ದಾಳೆ. ಬೋಮಾದಿಂದ ಬಂದು ಹನ್ನೆರಡು ದಿನವಾಯಿತು. ಅವಳಿಗೀಗ ಏಳು ತಿಂಗಳು. ಅಳಿಯ ತಾಂಬಾ ಅಲ್ಲಿಯ ಬಂದರಿನಲ್ಲಿ ಕೆಲಸ ಮಾಡುತ್ತಾನೆ, ಒಳ್ಳೆಯ ಹುಡುಗ. "ಹೆರಿಗೆ ಆಗೋವರ್ಗೂ ನಿಮ್ ಕಣ್ಮುಂದೇನೇ ಇರ್ಲಿ ಅತ್ತೆ" ಎಂದು ತಾನೇ ಕರೆತಂದು ಬಿಟ್ಟುಹೋದ. ನಿಮಗೆ ಯಾರೂ ಹೇಳಿರಲಾರರು, ಇದು ಅವಳ ಮೂರನೆಯ ಬಸಿರು. ಮೊದಲನೆಯದು ಐದು ತಿಂಗಳಿಗೆ ಹೋಯಿತು. ಎರಡನೆಯದು ಹೆಣ್ಣುಮಗು, ಎರಡು ದಿನ ಉಸಿರಾಡಿತು. ನಾನು ಬೋಮಾ ತಲುಪುವಷ್ಟರಲ್ಲಿ ಮಣ್ಣು ಮಾಡಿ ಆಗಿತ್ತು. ಮುಖ ನೋಡಲು ನನಗೆ ಸಿಗಲಿಲ್ಲ. ಕಿವಿಗಳು ಅಪ್ಪನ ಹಾಗಿದ್ದವು ಎಂದು ಲೇಲೊ ಹೇಳಿದಳು. ಅವಳ ಅಪ್ಪ ಎಂದರೆ ನೀವು.

ಆಸ್ಪತ್ರೆಯ ನರ್ಸಮ್ಮ ರಕ್ತ ಸಾಲದು, ಚಳಿಜ್ವರ ಬರಬಾರದು ಎಂದು ಗುಳಿಗೆ ಕೊಟ್ಟಿದ್ದಾಳೆ. ಲೇಲೊ ಅದನ್ನು ತಪ್ಪದೆ ನುಂಗುತ್ತಾಳೆ. ನಾನೂ ಎಣಿಸಿ ಕೊಡುತ್ತೇನೆ. ಆದರೆ ಗುಳಿಗೆ ಮಾಡುವ ಕೆಲಸ ಒಂದು, ಅಪ್ಪನ ಮಾತು ಮಾಡುವ ಕೆಲಸ ಇನ್ನೊಂದು. ನಿಮಗೆ ನಾನು ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಗಳು ತಾಯಿಯ ಕುಲದವಳು, ಅವಳ ಪರವಾಗಿ ಮಾತಾಡುವವನು ಸೋದರಮಾವ, ಅವಳ ಮಕ್ಕಳು ನಮ್ಮವರು, ನಿಮ್ಮವರಲ್ಲ. ಇಷ್ಟೆಲ್ಲ ನಮ್ಮ ಕಡೆಗೆ ಇಟ್ಟುಕೊಂಡ ಮೇಲೂ ಹರಸುವುದನ್ನು ಮಾತ್ರ ಹಿರಿಯರು ನಿಮಗೇ ಬಿಟ್ಟಿದ್ದಾರೆ. ಅಪ್ಪ ಮಗಳ ತೋಳಿಗೆ ಬಿಳಿ ಮಣ್ಣು ಸವರಿ, ಬಾಯಲ್ಲಿ ಹೆಂಡ ತುಂಬಿಕೊಂಡು ಅದರ ಮೇಲೆ ಉಗ್ಗಿ, ಹೋಗಿ ಹೆತ್ತುಕೊಂಡು ಬಾ ಎಂದು ಹೇಳದೆ ಗಂಡನ ಮನೆಗೆ ಹೋದ ಹುಡುಗಿಯ ಬಸಿರು ನಿಲ್ಲುವುದಿಲ್ಲ.

ಮೂರು ವರ್ಷದ ಹಿಂದೆ ಮದುವೆಯಲ್ಲಿ ನಿಮ್ಮ ಪಾಲಿನ ಹೆಂಡ ನಿಮಗೆ ಬರಲಿಲ್ಲ. ಕರೆಯೂ ಬರಲಿಲ್ಲ. ಅದು ನನ್ನ ಅಣ್ಣ ಲುವೆಂಬಾ ಮರೆತದ್ದು. ಗಂಡಿನ ಕಡೆಯವರ ಜೊತೆ ಮಾತಾಡುವ ಗಡಿಬಿಡಿಯಲ್ಲಿ ಮರೆತ. ಅವನ ಸ್ವಭಾವ ನಿಮಗೆ ಗೊತ್ತೇ ಇದೆ. ಅದನ್ನು ಮನಸ್ಸಿನಲ್ಲಿಟ್ಟುಕೊಳ್ಳದೆ, ಈ ಕಾಗದ ತಲುಪಿದ ಕೂಡಲೇ ಬನ್ನಿ. ಗುರುವಾರ ತ್ಸುಂಬು ಇದನ್ನು ನಿಮಗೆ ತಲುಪಿಸುತ್ತಾನೆ. ಮುಂದಿನ ಗುರುವಾರ ಅದೇ ಲಾರಿಯಲ್ಲಿ ನೀವು

ಮಂಗಳವಾರ

ನಿನ್ನೆ ನೀರು ಆರಿ ತಳ ಹಿಡಿಯುವ ಸದ್ದು ಬಂತು, ಎದ್ದು ಓಡಿದೆ. ಮೂರು ಕಟ್ಟು ಸೀದುಹೋದವು. ನಿಲ್ಲಿಸಿದ ಜಾಗದಿಂದಲೇ ಮುಂದುವರಿಸೋಣವೆಂದು ಈಗ ಕೂತರೆ, ನಿನ್ನೆ ಬರೆದದ್ದರ ಕೊನೆಯ ಭಾಗ ಓದಲು ಮುಜುಗರವಾಗುತ್ತಿದೆ. ಅದಕ್ಕೆ ಕಾರಣ ಇವತ್ತು ಬೆಳಿಗ್ಗೆ ನಡೆದದ್ದು.

ನಾನು, ಲೇಲೊ, ನಮ್ಮ ಚಿಕ್ಕವ್ವ ಫೋಬಾ, ಮೂವರೂ ಹಳ್ಳಕ್ಕೆ ಹೋಗಿದ್ದೆವು. ಶುಕ್ರವಾರ ನೆನೆಹಾಕಿದ ಗೆಣಸು ತೆಗೆಯಬೇಕಿತ್ತು. ಈಗ ಮಂಜಿನ ಕಾಲ. ನೀರು ತಣ್ಣಗಿರುವುದರಿಂದ ಗೆಣಸು ಮೆತ್ತಗಾಗಲು ಒಂದು ದಿನ ಹೆಚ್ಚು ಬೇಕು. ಲೇಲೊ ದಿನ ತುಂಬಿತೆಂದು ತನ್ನ ಬುಟ್ಟಿಯನ್ನು ನಿನ್ನೆಯೇ ದಡಕ್ಕೆ ಎಳೆದಿಟ್ಟಿದ್ದಳು, ಇವತ್ತು ನೋಡಿದರೆ ಅರ್ಧದಷ್ಟು ಇನ್ನೂ ಕಲ್ಲು. ಚಿಕ್ಕವ್ವನಿಗೆ ಎಂಬತ್ತಾದರೂ ನಾಲಗೆಗೆ ಇನ್ನೂ ವಯಸ್ಸಾಗಿಲ್ಲ. "ಬೋಮಾದಲ್ಲಿ ಗೆಣಸೂ ಗಡಿಯಾರ ನೋಡ್ಕೊಂಡೇ ನೆನೀತದೇನೇ?" ಎಂದು ಕೇಳಿದಳು. ಲೇಲೊ ಸೊಂಟಕ್ಕೆ ಕೈ ಕೊಟ್ಟುಕೊಂಡು, "ಅಲ್ಲಿ ನಾವು ನೆನೆಸೋದೇ ಇಲ್ಲ ಅಜ್ಜಿ. ಅವ್ವ ಕಳ್ಸಿದ್ದನ್ನ ತಿಂದು, ಅವ್ವಂಗೆ ಉಪ್ಪು ಸಾಲ್ದು ಅಂತ ಹೇಳಿ ಕಳಿಸ್ತೀವಿ" ಎಂದಳು. ಚಿಕ್ಕವ್ವ ನಕ್ಕು ನಕ್ಕು ನೀರಿಗೆ ಬೀಳುವವಳಿದ್ದಳು. ಈ ಹದಿಮೂರು ದಿನದಲ್ಲಿ ಲೇಲೊ ನಕ್ಕದ್ದು ಅದೇ ಮೊದಲು. ಅವಳು ನಗುವಾಗ ಮೇಲಿನ ತುಟಿ ಒಂದು ಕಡೆಗೆ ಏಳುತ್ತದೆ, ಅದು ನಿಮ್ಮದೇ.

ಮನೆಗೆ ಬಂದು ನಾರು ತೆಗೆಯುತ್ತಿರುವಾಗ ಲುವೆಂಬಾ ಅಣ್ಣ ಬಂದ. ಬಂದವನು ಸುಮ್ಮನೆ ಕೂರಲಿಲ್ಲ, ತನ್ನ ಮಡಿಚುವ ಕುರ್ಚಿಯನ್ನೂ ಹಿಡಿದುಕೊಂಡೇ ಬಂದಿದ್ದ. ಅಂದರೆ ಮಾತು ಉದ್ದವಿದೆ ಎಂದು ಲೆಕ್ಕ. ನಮ್ಮ ಕುಲದಲ್ಲಿ ಮುಂದಕ್ಕೆ ಹೆರಬೇಕಾದ ಹೆಣ್ಣು ಅಂತ ಉಳಿದಿರುವವಳು ಲೇಲೊ ಒಬ್ಬಳೇ. ಅವನ ಚಿಂತೆ ನನಗೆ ಅರ್ಥವಾಗುತ್ತದೆ. ಆದರೆ ಅವನು ಚಿಂತೆಯನ್ನೂ ಪಂಚಾಯಿತಿಯ ಧ್ವನಿಯಲ್ಲೇ ಮಾಡುತ್ತಾನೆ.

"ನೋಡಮ್ಮ ಲೇಲೊ, ನಿನ್ ಮೇಲೆ ಯಾರಿಗಾದ್ರೂ ಹೊಟ್ಟೇಲಿ ಕೋಪ ಇದ್ಯಾ? ಈಗ್ಲೇ ಹೇಳಿಬಿಡು. ನಿಮ್ಮತ್ತೆಗಾ?"

"ಅತ್ತೆ ಪಾಪ, ನಂಗೆ ನೀರು ಹೊರೋಕೂ ಬಿಡಲ್ಲ ಮಾವ."

"ಮತ್ತೆ?"

ಲೇಲೊ ಕೈಯಲ್ಲಿದ್ದ ಗೆಣಸನ್ನು ಬುಟ್ಟಿಗೆ ಹಾಕಿ, ಕೈ ಒರೆಸಿಕೊಂಡಳು. ಆಮೇಲೆ ಹೇಳಿದಳು. ಅವಳು ಹೇಳಿದ್ದನ್ನು ಇದ್ದ ಹಾಗೆಯೇ ಬರೆಯುತ್ತೇನೆ.

"ಅಪ್ಪ ನನ್ ಮದುವೇಗೆ ಮಣ್ಣು ಕಳ್ಸಿದ್ರು, ಮನಸ್ಸು ಕಳಿಸ್ಲಿಲ್ಲ. ಕಾಲು ನೋವು, ಬರೋಕಾಗಲ್ಲ ಅಂದ್ರು, ಸರಿ ಅಂದ್ಕೊಂಡೆ. ಆಮೇಲೆ ನಾನು ಬೋಮಾದಿಂದ ಒಂದು ಶರ್ಟ್ ಕಳಿಸ್ದೆ. ಚೆನ್ನಾಗಿದೆ ಅಂತ್ಲೂ ಇಲ್ಲ, ಬೇಡ ಅಂತ್ಲೂ ಇಲ್ಲ. ಎರಡು ಮಕ್ಳು ಹೋದ್ವು, ಒಂದು ಮಾತಿಲ್ಲ. ಬಾಯಲ್ಲಿ ಹರಸಿದ್ರೆ ಆಯ್ತಾ ಮಾವ? ಒಳಗಡೆ ಅವ್ರಿಗೆ ನಾನು ಬೇಡ."

ಲುವೆಂಬಾ ಅಣ್ಣ ಕುರ್ಚಿಯಿಂದ ಎದ್ದೇ ಬಿಟ್ಟ. "ನಾನೇ ಹೆಂಡದ ಬುರುಡೆ ತುಂಬಿಸಿ ಕಳ್ಸಿದೀನಿ! ಕಂಠದವರೆಗೆ ತುಂಬ್ಸಿದ್ದೆ. ಅದನ್ನ ಕುಡಿದು ಅರೆಮನಸ್ಸಿಂದ ಹರಸೋದಾ? ದೊಡ್ಡ ಮನುಷ್ಯ ಇವ್ನು! ಕೇಳೇ ಕೇಳ್ತೀನಿ" ಎಂದು ಕೂಗಾಡಿದ. ಚಿಕ್ಕವ್ವ, "ಕೂತ್ಕೊಂಡು ಕೂಗೋ, ಕುರ್ಚಿ ಯಾಕೆ ಹೊತ್ಕೊಂಡ್ ಬಂದಿದೀಯ" ಎಂದಳು.

ನನಗೆ ನಗು ಬರಲಿಲ್ಲ. ನಾನು ತಲೆ ತಗ್ಗಿಸಿ ನಾರು ಎಳೆಯುತ್ತಿದ್ದೆ.

ಯಾವ ಮಣ್ಣು, ಯಾವ ಹೆಂಡ, ಯಾರು ಕುಡಿದರು ಎಂದು ನೀವು ಈಗ ಅಂಗಳದಲ್ಲಿ ಕೂತು ಕೇಳುತ್ತಿರಬಹುದು. ಕೇಳಿ. ಲುವೆಂಬಾ ಮರೆಯಲಿಲ್ಲ. ನಿನ್ನೆ ನಾನು ಬರೆದದ್ದು ಸುಳ್ಳು. ಮದುವೆಯ ಮಾತು ಮುಗಿದ ದಿನ ಗಂಡಿನ ಕಡೆಯವರು ತಂದ ಹೆಂಡದಲ್ಲಿ ಮೊದಲನೆಯ ಬುರುಡೆಯನ್ನು ನಿಮಗೆಂದು ಎತ್ತಿಟ್ಟವನು ಅವನೇ. ತ್ಸುಂಬುವಿನ ಲಾರಿಗೆ ಕೊಡು, ಮದುವೆಯ ದಿನವನ್ನೂ ಹೇಳಿ ಕಳಿಸು ಎಂದು ನನ್ನ ಕೈಗೆ ಕೊಟ್ಟ. ನಾನು ಕೊಡಲಿಲ್ಲ. ಮದುವೆಯ ಕ್ವಾಂಗಾ ನಾದಲು ಬಂದಿದ್ದ ಹೆಂಗಸರಿಗೆ ಹಂಚಿದೆ. ಯಾರ ಪಾಲಿನದು ಎಂದು ಅವರಿಗೆ ಗೊತ್ತಿಲ್ಲ. ಲೇಲೊಳ ಅಪ್ಪ ಇಳಿಸುವ ಹೆಂಡದ ಹತ್ತಿರಕ್ಕೂ ಬರುವುದಿಲ್ಲ ಇದು ಎಂದು ಚಿಕ್ಕವ್ವ ಹೇಳಿದಳು. ಎರಡು ಬಟ್ಟಲು ಕುಡಿದ ಮೇಲೆ ಹೇಳಿದಳು.

ಯಾಕೆ ಕೊಡಲಿಲ್ಲ ಎಂದರೆ, ನಿಮಗೆ ಗೊತ್ತು. ನಿಮ್ಮ ಸೋದರಮಾವ ತೀರಿಕೊಂಡು ಸಂಗಾದ ಯಜಮಾನಿಕೆ ನಿಮಗೆ ಬಂದಾಗ ನೀವು ಮೊದಲು ಅಲ್ಲಿಗೆ ಹೋದಿರಿ. ಗೆಣಸು ಕಿತ್ತು ಆಮೇಲೆ ಬರುತ್ತೇನೆ ಎಂದು ನಾನು ಅಣ್ಣನ ಊರಿಗೆ ಬಂದೆ. ತವರಿಗೆ ಹೋದ ಹೆಂಡತಿಯನ್ನು ಗಂಡ ಬಂದು ಕರೆದುಕೊಂಡು ಹೋಗಬೇಕು. ತಾನೇ ಬರಬೇಕು, ಬುರುಡೆ ಹಿಡಿದು ಬಂದು ಅವಳ ಅಣ್ಣನ ಮುಂದೆ ಕೂರಬೇಕು. ನಾನು ಎರಡು ಬೆಳೆ ಕಿತ್ತೆ, ನೀವು ಬರಲಿಲ್ಲ. ಮೂರನೆಯ ಮಂಜಿನ ಕಾಲದಲ್ಲಿ ತ್ಸುಂಬು ಲಾರಿ ನಿಲ್ಲಿಸಿ, ಎಂಜಿನ್ ಕೂಡ ಆರಿಸದೆ, ಎಲ್ಲರ ಮುಂದೆ ಕೂಗಿದ. "ಅಕ್ಕಾ, ಸಂಗಾದ ಯಜಮಾನ್ರು ಹೇಳ್ಕಳ್ಸಿದಾರೆ, ಜಾಗ ಇದ್ರೆ ಹತ್ತಿಸ್ಕೊಂಡ್ ಬಾ ಅಂತ!" ಜಾಗ ಇದ್ದರೆ! ಅವತ್ತು ಲಾರಿಯಲ್ಲಿ ಇನ್ನೂರು ಗೊನೆ ಇದ್ದವು. ನಾನು ಇನ್ನೂರ ಒಂದನೆಯದೆ? ಗೊನೆ ಹೊರುವ ಹೆಂಗಸರು ಒಂದು ವಾರ ಅದೇ ಮಾತು ಆಡಿಕೊಂಡು ನಕ್ಕರು. ನೀವು ಅದನ್ನು ಹಾಗೆ ಹೇಳಿರಲಿಕ್ಕಿಲ್ಲ ಎಂದು ಈಗ ಅನ್ನಿಸುತ್ತದೆ. ತ್ಸುಂಬು ಯಾವ ಮಾತನ್ನೂ ಇದ್ದ ಹಾಗೆ ತಲುಪಿಸಿದವನಲ್ಲ. ಆದರೆ ಆಗ ಹಾಗೆ ಅನ್ನಿಸಲಿಲ್ಲ. ಆಗ, ಇವರಿಗೂ ಒಂದು ದಿನ ಹೀಗೇ ಆಗಲಿ, ತಮ್ಮನ್ನು ಕರೆಯಲು ಯಾರೂ ಬರದೆ ಇರಲಿ, ಗೊತ್ತಾಗಲಿ ಎಂದುಕೊಂಡಿದ್ದೆ.

ಮಣ್ಣಿನ ವಿಷಯವನ್ನು ಇವತ್ತು ಬರೆಯಲಾರೆ.

ಬುಧವಾರ

ಬರೆಯದೆ ಇರಬಹುದಿತ್ತು. ಹೆಂಡದ ಮಟ್ಟಿಗೆ ಒಪ್ಪಿಕೊಂಡು, ನೀವು ಬಂದು ಹರಸಿ ಹೋಗಿ ಎಂದು ಮುಗಿಸಬಹುದಿತ್ತು. ನಿನ್ನೆ ಸಂಜೆ ಹಿತ್ತಲಿನ ಕಡೆಯಿಂದ ಬರುವಾಗ ಲೇಲೊಳನ್ನು ನೋಡದೆ ಇದ್ದಿದ್ದರೆ ಹಾಗೇ ಮಾಡುತ್ತಿದ್ದೆ.

ಅವಳು ಕೋಣೆಯಲ್ಲಿ ಬಾಗಿಲ ಬೆಳಕಿಗೆ ಕೂತಿದ್ದಳು. ಮಡಿಲಲ್ಲಿ ಒಂದು ಸಣ್ಣ ಡಬ್ಬಿ, ತಾಂಬಾನ ಹೊಗೆಸೊಪ್ಪಿನ ಡಬ್ಬಿ. ಅದರೊಳಗೆ ಬಟ್ಟೆ, ಬಟ್ಟೆಯೊಳಗೆ ಬಿಳಿ ಮಣ್ಣು. ಬೆರಳ ತುದಿಯನ್ನು ಎಂಜಲು ಮಾಡಿಕೊಂಡು, ಇಷ್ಟೇ ಇಷ್ಟು ಮಣ್ಣು ತಗುಲಿಸಿಕೊಂಡು ಹೊಟ್ಟೆಯ ಮೇಲೆ ಒಂದು ಗೆರೆ ಎಳೆದಳು. ಏನೋ ಹೇಳಿಕೊಂಡಳು, ಕೇಳಿಸಲಿಲ್ಲ. ನನ್ನನ್ನು ನೋಡಿ ನಾಚಿಕೊಂಡಳು.

"ಮದುವೇದು ಅವ್ವ. ಅಪ್ಪ ಕಳ್ಸಿದ್ರಲ್ಲ, ಅದೇ. ಉಳಿದಿದ್ದನ್ನ ಇಟ್ಕೊಂಡಿದ್ದೆ. ದಿನಾ ಸ್ವಲ್ಪ ಸ್ವಲ್ಪ ಹಚ್ಕೋತೀನಿ."

"ಬೆಳಿಗ್ಗೆ ಅಪ್ಪಂಗೆ ಮನಸ್ಸಿಲ್ಲ ಅಂತಿದ್ದೆ?"

"ಅಂದೆ. ಆದ್ರೂ ಅವ್ರ ಕೈ ತಾಗಿರೋದು ಇದೊಂದೇ ಅಲ್ವಾ."

ಡಬ್ಬಿಯಲ್ಲಿ ಈಗ ಒಂದು ಅವರೆಕಾಳಿನಷ್ಟು ಉಳಿದಿದೆ. ಎರಡು ಬಸಿರಿನಲ್ಲೂ ಅವಳು ಅದನ್ನೇ ಹಚ್ಚಿಕೊಂಡಿದ್ದಾಳೆ.

ಆ ಮಣ್ಣಿಗೆ ನಿಮ್ಮ ಕೈ ತಾಗಿಲ್ಲ.

ಮದುವೆಯ ಬೆಳಿಗ್ಗೆ ಲೇಲೊ ದಾರಿಯ ಕಡೆಗೆ ಮುಖ ಮಾಡಿ ಕೂತಿದ್ದಳು. ನಿಮ್ಮನ್ನು ಕರೆದಿದ್ದೇವೆ ಎಂದೇ ಅವಳು ತಿಳಿದಿದ್ದಳು, ಎಲ್ಲರೂ ಹಾಗೇ ತಿಳಿದಿದ್ದರು. ಗಂಡಿನ ಕಡೆಯವರು ಬಂದು ಕೂತರು. ಲುವೆಂಬಾ ಬಂದು, "ಖೊಂಡೆ, ಇವ್ಳಪ್ಪ ಎಲ್ಲಿ? ಬಿಸಿಲು ನೆತ್ತಿಗೇರ್ತಾ ಇದೆ" ಎಂದ. ಲೇಲೊ ನನ್ನ ಬಾಯಿಯನ್ನೇ ನೋಡುತ್ತಿದ್ದಳು. ಕರೆಯಲಿಲ್ಲ ಎಂಬ ಮಾತು ಬಾಯಿಗೆ ಬಂದಿತ್ತು, ಆಣೆ. ಆದರೆ ಅವಳ ಮುಖ ನೋಡಿ, "ಮೊಣಕಾಲು ಊದಿದೆಯಂತೆ, ಬರೋಕಾಗಲ್ಲವಂತೆ, ಮಣ್ಣು ಕಳ್ಸಿದಾರೆ" ಎಂದುಬಿಟ್ಟೆ. ಬರಲಾಗದ ಅಪ್ಪ ಮಣ್ಣಿನ ಉಂಡೆಯನ್ನು ಅಂಗೈಯಲ್ಲಿಟ್ಟುಕೊಂಡು ಅದಕ್ಕೆ ಮಾತು ಹೇಳಿ, ಉಗ್ಗಿ, ಎಲೆಯಲ್ಲಿ ಸುತ್ತಿ ಕಳಿಸುವುದುಂಟಲ್ಲ. ಹೇಳುವಾಗ ಸಲೀಸಾಗಿತ್ತು. ಹೇಳಿದ ಮೇಲೆ, ಮಣ್ಣು ಎಲ್ಲಿ ಎಂದರು. ಮನೆಯಲ್ಲಿದೆ, ತರುತ್ತೇನೆ ಎಂದು ಹಿತ್ತಲಿನಿಂದ ಇಳಿದು ಹಳ್ಳಕ್ಕೆ ಓಡಿದೆ. ನಾವು ಗೆಣಸು ನೆನೆಹಾಕುವ ಗುಂಡಿಯ ಪಕ್ಕದ ದಡದಲ್ಲಿ ಬಿಳಿ ಮಣ್ಣಿದೆ. ಬೆರಳಿಂದ ಕೆರೆದು ತೆಗೆದೆ. ಬಾಳೆ ಎಲೆಯಲ್ಲಿ ಸುತ್ತಿದೆ. ಕೈ ತೊಳೆದುಕೊಂಡೆ.

ಲುವೆಂಬಾ ಅದನ್ನೇ ನಿಮ್ಮ ಹೆಸರು ಹೇಳಿ ಅವಳ ಎರಡೂ ತೋಳಿಗೆ ಸವರಿದ. ಲೇಲೊ ತೋಳನ್ನು ಮೂಗಿನ ಹತ್ತಿರ ಹಿಡಿದು, "ಹೆಂಡದ ವಾಸ್ನೆ ಬರ್ತಿದೆ ಅವ್ವ, ಅಪ್ಪನ ಕೈ ವಾಸ್ನೆ" ಎಂದಳು. ಅದು ನೆನೆದ ಗೆಣಸಿನ ಹುಳಿ ವಾಸನೆ. ನಾನು ಅಲ್ಲಿಂದ ಎದ್ದು ಅಡುಗೆಯ ಕಡೆಗೆ ಹೋದೆ. ತಾಯಿಗೆ ದುಃಖ ಬಂತು ಎಂದು ಎಲ್ಲರೂ ತಿಳಿದರು.

ಇದು ಬರೀ ನಿಮ್ಮನ್ನು ಕರೆಯದ ತಪ್ಪಲ್ಲ ಎಂದು ನನಗೆ ಗೊತ್ತು. ಅಪ್ಪನ ಆಶೀರ್ವಾದವನ್ನು ಅವನ ಹೆಸರಿನಲ್ಲಿ ಬೇರೆಯವರು ಕೊಟ್ಟದ್ದನ್ನು ನಾನು ಎಲ್ಲೂ ಕೇಳಿಲ್ಲ, ಅದಕ್ಕೆ ಪ್ರಾಯಶ್ಚಿತ್ತ ಏನೆಂದೂ ಗೊತ್ತಿಲ್ಲ. ಐದು ತಿಂಗಳಿನದು ಹೋದಾಗ, ಹೀಗೂ ಆಗುತ್ತದೆ ಎಂದುಕೊಂಡೆ. ಎರಡು ದಿನದ್ದು ಹೋದಾಗ ಬೋಮಾದಿಂದ ಮರಳಿ ಬರುವ ದಾರಿಯುದ್ದಕ್ಕೂ, ರೈಲಿನ ಹಳಿ ಕಿತ್ತ ದಿಬ್ಬಗಳನ್ನು ನೋಡುತ್ತ, ಇನ್ನು ಹೇಳಲೇಬೇಕು ಎಂದುಕೊಂಡೆ. ಮನೆ ತಲುಪಿದ ಮೇಲೆ ಗೆಣಸು ನೆನೆಹಾಕಿದೆ. ಆಮೇಲೆ ಕಿತ್ತೆ, ನಾದಿದೆ, ಕಟ್ಟಿದೆ. ಕೆಲಸಕ್ಕೆ ಕೊನೆಯೇ ಇಲ್ಲ, ಅದರ ಹಿಂದೆ ಅಡಗಿಕೊಳ್ಳುವುದು ಸುಲಭ.

ನೀವು ಅವಳಿಗೆ ಮಾತು ಕಳಿಸದೆ ಇದ್ದದ್ದು ಯಾಕೆಂದು ಲೇಲೊಗೆ ಗೊತ್ತಿಲ್ಲ. ನನಗೆ ಗೊತ್ತು. ಮದುವೆಗೆ ಕರೆಯದ ಮಗಳು ಆಮೇಲೆ ಶರ್ಟ್ ಕಳಿಸಿದರೆ ಯಾವ ಅಪ್ಪನಿಗಾದರೂ ಅದು ಅಣಕದಂತೆ ಕಾಣುತ್ತದೆ. ತ್ಸುಂಬು ಹೇಳಿದ, ನೀವು ಅದನ್ನು ಒಂದು ಸಲವೂ ತೊಟ್ಟಿಲ್ಲವಂತೆ, ಗೋಡೆಯ ಮೊಳೆಗೆ ನೇತುಹಾಕಿದ್ದೀರಂತೆ, ಆದರೆ ಧೂಳು ಕೂರಲು ಬಿಡುವುದಿಲ್ಲವಂತೆ. ಅವನು ಸೇರಿಸಿ ಹೇಳುವವನಾದರೂ ಧೂಳಿನ ಮಾತನ್ನು ಕಟ್ಟುವಷ್ಟು ಜಾಣನಲ್ಲ. ಆದ್ದರಿಂದ ಅದನ್ನು ನಂಬಿದೆ. ನೀವು ಅಲ್ಲಿ ಅವಳ ಶರ್ಟಿನ ಧೂಳು ಒರೆಸುತ್ತಿದ್ದೀರಿ. ಅವಳು ಇಲ್ಲಿ ನಿಮ್ಮದಲ್ಲದ ಮಣ್ಣನ್ನು ಹೊಟ್ಟೆಗೆ ಸವರಿಕೊಳ್ಳುತ್ತಿದ್ದಾಳೆ. ಇಬ್ಬರೂ ಒಬ್ಬರಿಗೊಬ್ಬರು ಬೇಡವಾದೆವು ಎಂದುಕೊಂಡಿದ್ದೀರಿ. ಇಷ್ಟನ್ನೂ ಮಾಡಿದವಳು ನಾನು.

ಬೇಡಿಕೊಳ್ಳುತ್ತೇನೆ, ಬನ್ನಿ. ಈ ಸಲದ್ದು ಚೆನ್ನಾಗಿ ಒದೆಯುತ್ತಿದೆ. ಕೋಪವನ್ನೆಲ್ಲ ನನ್ನ ಮೇಲಿಡಿ, ಅವಳ ಪಾಲಿಗೆ ಸ್ವಲ್ಪವೂ ಬೇಡ. ಹರಸುವಾಗ ನಾಲಗೆಯ ಮೇಲೆ ಅದರ ಕಹಿ ಇರಬಾರದು. ನಿಮ್ಮ ಊರಿನ ಮಣ್ಣನ್ನೇ ತನ್ನಿ, ನಿಮ್ಮ ಕೈಯಿಂದಲೇ ತೆಗೆದದ್ದನ್ನು. ಲುವೆಂಬಾನನ್ನು ನಾನು ನೋಡಿಕೊಳ್ಳುತ್ತೇನೆ. ಅವನು ಬೈಯುತ್ತಾನೆ, ಮೂರು ದಿನ ನನ್ನ ಕೈಯ ಊಟ ಮಾಡುವುದಿಲ್ಲ, ನಾಲ್ಕನೆಯ ದಿನ ಹಸಿವಾಗುತ್ತದೆ.

ಇನ್ನೊಂದು ಬೇಡಿಕೆ ಇದೆ. ಲೇಲೊಗೆ ಮಣ್ಣಿನ ವಿಷಯ ಹೇಳಬೇಡಿ. ಅವಳಿಗೆ ನಾನು ಒಬ್ಬಳೇ ಇದ್ದೇನೆ ಎಂದು ಅವಳು ತಿಳಿದಿರುವ ಈ ಸಮಯದಲ್ಲಿ ನನ್ನನ್ನೂ ಕಳೆದುಕೊಳ್ಳುವುದು ಬೇಡ. ಕಾಲು ವಾಸಿಯಾಯಿತು, ಅದಕ್ಕೇ ಎರಡನೆಯ ಸಲ ಹರಸಲು ಬಂದೆ ಎಂದು ಹೇಳಿ. ನಿಮ್ಮ ಮೇಲೆ ಹೊರಿಸಿದ್ದನ್ನು ಇನ್ನಷ್ಟು ದಿನ ನೀವೇ ಹೊರಿ ಎಂದು ಕೇಳುತ್ತಿದ್ದೇನೆ, ನನಗೆ ತಿಳಿಯುತ್ತದೆ. ಆದರೂ ಕೇಳುತ್ತಿದ್ದೇನೆ.

ಬರುವಾಗ ಎರಡು ಬುರುಡೆ ಹೆಂಡ ತನ್ನಿ. ಒಂದು ಲೇಲೊಳ ತೋಳಿಗೆ ಉಗ್ಗಲು. ಎರಡನೆಯದನ್ನು ಲುವೆಂಬಾ ಅಣ್ಣನ ಮುಂದೆ ಇಡಿ. ಯಾಕೆ ಎಂದು ಅವನು ಕೇಳಿದರೆ ನೀವೇ ಹೇಳಿ, ನಾನು ಹೇಳಿಕೊಡುವುದಿಲ್ಲ. ಹೊಲದ ಗೆಣಸು ಈ ಸಲ ಇನ್ನೂ ಪೂರ್ತಿ ಕಿತ್ತಿಲ್ಲ, ಆದರೆ ಚಿಕ್ಕವ್ವನ ಸೊಸೆಯಂದಿರು ಕಿತ್ತುಕೊಳ್ಳಬಲ್ಲರು.

ಮೊಣಕಾಲಿಗೆ ತಾಳೆಬೀಜದ ಕರಿ ಎಣ್ಣೆ ಕಾಯಿಸಿ ಹಚ್ಚಿ. ನಾನು ಹೇಳಿದ್ದೆ ಎಂದು ಹಚ್ಚಬೇಡಿ, ನೋವು ಹೋಗುತ್ತದೆ ಎಂದು ಹಚ್ಚಿ.

ನಿಮ್ಮ ಮಗಳ ತಾಯಿ,
ಖೊಂಡೆ

ಮರೆತ ಮಾತು. ಗುರುವಾರ ಬೆಳಿಗ್ಗೆ, ಲಾರಿಯ ಬಾನೆಟ್ಟಿನ ಮೇಲೆ ಕಾಗದ ಇಟ್ಟುಕೊಂಡು ಬರೆಯುತ್ತಿದ್ದೇನೆ. ಗೊನೆ ಏರಿಸಿ ಮುಗಿಯುವ ತನಕ ಸಮಯವಿದೆ. ತ್ಸುಂಬು ಬಂದಾಗ ಲೇಲೊ ಗಂಟು ಕಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಸಂಗಾಕ್ಕೆ ಹೋಗುತ್ತಾಳಂತೆ. "ಅಪ್ಪನ ಎದುರಿಗೇ ನಿಂತು ಕೇಳ್ತೀನಿ, ನಾನ್ ಏನ್ ಮಾಡ್ದೆ ಅಂತ" ಎಂದಳು. ಲುವೆಂಬಾ ಅಣ್ಣ ಅಡ್ಡ ನಿಂತು, ಏಳು ತಿಂಗಳಲ್ಲಿ ಲಾರಿ ಹತ್ತುವವರುಂಟೆ ಎಂದು ಕೂಗಿದ. "ಎರಡು ಗಂಟೆ ದಾರಿ ಮಾವ, ನಿಮ್ಮ ಮಾತಿಗಿಂತ ಚಿಕ್ದು" ಎಂದು ಅವನ ಪಕ್ಕದಿಂದಲೇ ನಡೆದುಹೋದಳು. ಮುಂದಿನ ಸೀಟಿನ ಮೇಲೆ ಒಣ ಬಾಳೆಲೆ ಹಾಸಿ ಮೆತ್ತಗೆ ಮಾಡಿದ್ದೇನೆ. ನಿಧಾನ ಹೋಗದಿದ್ದರೆ ಇನ್ನು ಮುಂದೆ ಅವನಿಗೆ ಕ್ವಾಂಗಾ ಇಲ್ಲ ಎಂದು ತ್ಸುಂಬುವಿಗೆ ಹೇಳಿದ್ದೇನೆ.

ಏನೂ ಮಾಡದ ನಿಮ್ಮನ್ನು ಅವಳು ಬಂದು ಕೇಳುತ್ತಾಳೆ. ನಾನು ಬೇಡಿಕೊಂಡೆ ಎಂದು ನೀವು ಸುಮ್ಮನೆ ಕೇಳಿಸಿಕೊಳ್ಳುತ್ತೀರಿ. ಅದನ್ನು ನೆನೆದರೆ ನನ್ನಿಂದ ಆಗುವುದಿಲ್ಲ. ಆದ್ದರಿಂದ ಕಾಗದವನ್ನು ತ್ಸುಂಬುವಿಗೆ ಕೊಡದೆ ಲೇಲೊಳ ಕೈಗೆ ಕೊಡುತ್ತಿದ್ದೇನೆ. ಲಕೋಟೆಗೆ ಅಂಟು ಹಾಕಿಲ್ಲ, ಮರೆತು ಹಾಗೆ ಮಾಡಿದ್ದಲ್ಲ. ನಿಮ್ಮ ಊರು ಮುಟ್ಟುವಷ್ಟರಲ್ಲಿ ಓದಿ ಮುಗಿಸಿರುತ್ತಾಳೆ. ಅವಳಿಗೆ ಹೇಳಬೇಡಿ ಎಂದು ಮೇಲೆ ಬರೆದಿರುವುದನ್ನೂ ಹೊಡೆದುಹಾಕಿಲ್ಲ. ಅದನ್ನೂ ಓದಲಿ.

ಅಳುತ್ತ ಇಳಿದರೆ ಮೊದಲು ನೀರು ಕೊಡಿ. ನನ್ನನ್ನು ಬೈಯುತ್ತ ಇಳಿದರೆ ತಡೆಯಬೇಡಿ.